ಕೋವಿಯ ಮೇಲಿನ ಬೆರಳ ಗುರುತು

ಬಳಕೆಯಿಲ್ಲದೆ ಮೂಲೆ ಸೇರಿದ ಕೋವಿಗಳನ್ನು ಕಾಪಿಡುವುದು ಮೇಸ್ತ್ರಿಯವರ ಕಸುಬಾಗಿತ್ತು. ಮನೆಯಲ್ಲಿ ಮಕ್ಕಳು ಓಡಾಡತೊಡಗಿದಾಗ, ಕಣ್ಣು ಮಂಜಾಗಿ ಗುರಿ ತಪ್ಪತೊಡಗಿದಾಗ, ಇಲ್ಲವೇ ತಂದೆ ತೀರಿಕೊಂಡು ಅವನ ಕೋವಿಯನ್ನು ಏನು ಮಾಡಬೇಕೆಂದು ತೋಚದೆ ಹೋದಾಗ, ಜನ ಆ ಬೀದಿಯ ಕೊನೆಯ ಅಂಗಡಿಗೆ ಬರುತ್ತಿದ್ದರು. ಕಂಬಳಿಯಲ್ಲಿ ಸುತ್ತಿದ ಉದ್ದನೆಯ ಗಂಟನ್ನು ಎಳೆಗೂಸನ್ನು ಮಲಗಿಸುವಂತೆ ಕಟ್ಟೆಯ ಮೇಲೆ ಮಲಗಿಸಿ, ಹಗುರಾಗಿ ಹೊರಟುಹೋಗುತ್ತಿದ್ದರು. ಮೇಸ್ತ್ರಿಯವರು ಮೊದಲು ಕೋವಿಯ ಬಾಯನ್ನು ಗೋಡೆಯ ಕಡೆಗೆ ತಿರುಗಿಸಿ, ನಳಿಗೆಯನ್ನು ಬುಡದಲ್ಲಿ ಮಡಿಸಿ ತೆರೆದು, ಒಳಗೆ ತೋಟಾ ಇಲ್ಲವೆಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಖಾತ್ರಿ ಮಾಡಿಕೊಳ್ಳುವರು. ಆಮೇಲೆಯೇ ಅದರ ಕ್ಷೇಮಸಮಾಚಾರ. ತುಕ್ಕು ಹಿಡಿದಿದ್ದರೆ ತೆಗೆಯುವುದು, ಹಿಡಿಯದಿದ್ದರೆ ಹಿಡಿಯದಂತೆ ನೋಡಿಕೊಳ್ಳುವುದು, ಒಡೆಯನು ಮರಳಿ ಕೇಳುವ ದಿನ ಕೊಟ್ಟ ಸ್ಥಿತಿಗಿಂತ ಒಂದು ತೂಕ ಮೇಲಾಗಿಯೇ ಒಪ್ಪಿಸುವುದು. ಇಷ್ಟರಲ್ಲಿ ಅವರ ಆಯುಷ್ಯದ ಬಹುಭಾಗ ಕಳೆದಿತ್ತು.

ಅಂಗಡಿಗೆ ಮೂರು ಕೋಣೆಗಳು. ಮುಂದಿನದರಲ್ಲಿ ಗಿರಾಕಿಗಳಿಗೊಂದು ಬೆಂಚು, ಗೀರುಬಿದ್ದ ಮರದ ಕಟ್ಟೆ. ನಡುವಿನದು ಕೆಲಸದ ಕೋಣೆ. ಅಲ್ಲಿ ಕಿಟಕಿಯ ಕೆಳಗೆ ಉದ್ದದ ಮೇಜು, ದವಡೆಗಳಿಗೆ ಚರ್ಮ ಹೊದಿಸಿದ ಇಕ್ಕಳ, ಹಿತ್ತಾಳೆಯ ಕುಂಚಗಳು, ಸೀಮೆಎಣ್ಣೆಯ ತಟ್ಟೆ, ಕೂದಲಿನಷ್ಟು ನವಿರಾದ ಉಕ್ಕಿನ ನಾರಿನ ಉಂಡೆಗಳು. ಕೊನೆಯದು ಕೋವಿಮನೆ. ಅದಕ್ಕೆ ಕಬ್ಬಿಣದ ಬಾಗಿಲುಂಟು, ಕಿಟಕಿಯಿಲ್ಲ. ಅದರ ಹಿಂಗೋಡೆಯ ಆಚೆಗೆ ಮೇಸ್ತ್ರಿಯವರ ಸಂಸಾರದ ಅಡುಗೆಕೋಣೆ. ಒಲೆಯನ್ನು ಆ ಗೋಡೆಗೇ ಆನಿಸಿ ಕಟ್ಟಿಸಿದ್ದು ಸುಮ್ಮನೆ ಅಲ್ಲ; ಒಲೆಯ ಕಾವಿನಿಂದ ಗೋಡೆ ಬೆಚ್ಚಗಾಗಿ, ಆಚೆಯ ಕೋಣೆಯಲ್ಲಿ ತೇವ ನಿಲ್ಲುತ್ತಿರಲಿಲ್ಲ. ತಾನು ಅಡುಗೆ ಮಾಡುವುದು ಗಂಡನಿಗೋಸ್ಕರವಲ್ಲ, ಗೋಡೆಯಾಚೆ ಸಾಲಾಗಿ ನಿಂತಿರುವ ಸವತಿಯರಿಗೋಸ್ಕರ ಎಂದು ಅವರ ಹೆಂಡತಿ ನೆರೆಯವರೊಡನೆ ನಗುತ್ತಿದ್ದಳು. ಆಕೆ ತವರಿಗೆ ಹೋದ ದಿನಗಳಲ್ಲಿ ಮೇಸ್ತ್ರಿಯವರು ಬರೀ ನೀರನ್ನಾದರೂ ಒಲೆಯ ಮೇಲಿಟ್ಟು ಕುದಿಸುತ್ತಿದ್ದುದುಂಟು.

ತುಕ್ಕಿನ ವಿಷಯದಲ್ಲಿ ಅವರ ಮಾತಿಗೆ ಎದುರಾಡುವವರು ಇರಲಿಲ್ಲ. ಮೇಲ್ಮೈಯಲ್ಲಿ ಮಾತ್ರ ಹರಡಿದ ಕೆಂಪನ್ನು ಎಣ್ಣೆಯಲ್ಲಿ ನೆನೆಯಿಸಿ, ಉಕ್ಕಿನ ನಾರಿನಿಂದ ಒಂದೇ ದಿಕ್ಕಿಗೆ ಉಜ್ಜಿ ತೆಗೆಯುವರು. ಮರಳುಕಾಗದವನ್ನು ಅಂಗಡಿಯ ಹೊಸ್ತಿಲೊಳಗೆ ತರುವಂತಿರಲಿಲ್ಲ. ಅದು ತುಕ್ಕಿನೊಡನೆ, ಉಕ್ಕಿಗೆ ಕಾಪಾಗಿ ಕೊಟ್ಟ ನೀಲಿ ಲೇಪವನ್ನೂ ಕಿತ್ತುಬಿಡುತ್ತದೆ, ನೀಲಿ ಹೋದ ಉಕ್ಕು ಚರ್ಮ ಸುಲಿದ ಮೈಯಂತೆ ಗಾಳಿಗೂ ಅಂಜುತ್ತದೆ ಎನ್ನುವರು. ಆಳಕ್ಕಿಳಿದ ಕೆಂಪಿಗೆ ಬೇರೆಯೇ ಉಪಚಾರ. ನಳಿಗೆಯನ್ನು ಬಿಡಿಸಿ ಶುದ್ಧವಾದ ನೀರಿನಲ್ಲಿ ಕುದಿಸಿದರೆ ಕೆಂಪು ತುಕ್ಕು ತಾನಾಗಿ ಕಪ್ಪಾಗುತ್ತದೆ; ಆ ಕಪ್ಪು ಉಕ್ಕಿಗೆ ಹಗೆಯಲ್ಲ, ಹೊದಿಕೆ. ಆಮೇಲೆ ತೆಳುವಾಗಿ ಎಣ್ಣೆ. ಎಣ್ಣೆ ಹೆಚ್ಚಾದರೆ ಇಳಿದು ಹಿಡಿಮರವನ್ನು ಕೊಳೆಯಿಸುತ್ತದೆಯೆಂದು ಕೋವಿಗಳನ್ನು ಬಾಯಿ ಕೆಳಗಾಗಿ ನಿಲ್ಲಿಸುವರು. ಭಗವಂತನು ಕಬ್ಬಿಣಕ್ಕೆ ಬಂಡೆಯನ್ನು ಸೀಳುವ ಬಲವನ್ನು ಕೊಟ್ಟವನು, ಅದರ ಗರ್ವ ಮುರಿಯಲು ಉಸಿರಿನ ಒಂದು ಹಬೆಯನ್ನೇ ಸಾಕಾಗಿಸಿದ್ದಾನೆ. ಆ ಹಬೆಯನ್ನು ಮೇಸ್ತ್ರಿಯವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು.

ಆದರೆ ಅವರ ನಿಜವಾದ ಹೆಮ್ಮೆ ತುಕ್ಕು ತೆಗೆಯುವುದರಲ್ಲಿರಲಿಲ್ಲ, ತುಕ್ಕನ್ನು ಓದುವುದರಲ್ಲಿತ್ತು. ನಳಿಗೆಯ ಬಾಯ ಸುತ್ತ ಬಳೆಯಂತೆ ಕೆಂಪಿದ್ದರೆ, ಒಡೆಯನು ಧೂಳು ಹೋಗಬಾರದೆಂದು ಬಟ್ಟೆಯ ಬಿರಡೆ ತುರುಕಿದ್ದಾನೆ. ಮೈತುಂಬ ಪುಡಿ ಉದುರಿಸಿದಂತಿದ್ದರೆ, ಚಳಿಯಿಂದ ತಂದದ್ದನ್ನು ಬೆವರು ಆರುವ ಮುಂಚೆ ಬೆಚ್ಚನೆಯ ಕೋಣೆಯಲ್ಲಿ ಮುಚ್ಚಿಟ್ಟಿದ್ದಾನೆ. ಒಂದೇ ಪಕ್ಕದಲ್ಲಿ ಗೆರೆಯಾಗಿದ್ದರೆ ಹಸಿಗೋಡೆ. ಮೊಟ್ಟೆಯಾಕಾರದ ಕಲೆಗಳು ಸಾಲಾಗಿದ್ದರೆ ಕೈ. ಒರೆಸದೆ ಬಿಟ್ಟ ಕೈ. ಹೀಗೆ ಗಿರಾಕಿಯು ಬಾಯಿ ತೆರೆಯುವ ಮೊದಲೇ ಅವನ ಮನೆಯ ಅಂದಚಂದವನ್ನೆಲ್ಲ ಬಿಚ್ಚಿಹೇಳುವರು. ಅದು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ತಪ್ಪದೆ ಇದ್ದುದೇ ಮುಂದಿನ ಅನರ್ಥಕ್ಕೆ ಬೀಜವಾಯಿತು.

ಮೇಸ್ತ್ರಿಯವರಿಗೊಬ್ಬ ಭಾವಮೈದುನನಿದ್ದನು. ತಂದೆತಾಯಿ ಬೇಗ ಹೋದುದರಿಂದ ಅಕ್ಕನೇ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದಳು. ಆಕೆಗೆ ಮಕ್ಕಳಾಗಲಿಲ್ಲ, ಆ ಕೊರತೆಯನ್ನು ಆಕೆ ಬಾಯಿಬಿಟ್ಟು ಆಡಲೂ ಇಲ್ಲ. ತಮ್ಮನು ಕುರ್ಚಿ ಮೇಜು ಮಾಡುವ ಕಾರ್ಖಾನೆಯಲ್ಲಿ ಮರಗೆಲಸ ಕಲಿತನು. ಕಾರ್ಖಾನೆ ಮುಚ್ಚಿದ ಮೇಲೆ, ಮೀಸೆಯಲ್ಲಿ ಮೊದಲ ಬಿಳಿಗೂದಲು ಕಾಣುವ ವಯಸ್ಸಿನಲ್ಲಿ, ಅಕ್ಕನ ಮನೆಗೇ ಬಂದು ನೆಲೆಸಿದನು. ಅವನು ಬಂದ ಮೇಲೆ ಅಂಗಡಿಗೆ ಕಳೆ ಬಂತು. ಸೀಳುಬಿಟ್ಟ ಹಿಡಿಮರಕ್ಕೆ ಅವನು ತೇಪೆ ಕೂರಿಸಿದರೆ ಗೆರೆ ಎಲ್ಲಿದೆಯೆಂದು ಹುಡುಕಬೇಕಾಗಿತ್ತು. ಮಾತಿನಲ್ಲಿ ಅಕ್ಕನನ್ನೇ ಹೋಲುತ್ತಿದ್ದನು. ಮುಖ ಗಂಟಿಕ್ಕಿಕೊಂಡು ಬಂದ ಗಿರಾಕಿ ನಕ್ಕು ಹೋಗುತ್ತಿದ್ದುದು ಅವನಿಂದ.

ಅವನಿಗಿದ್ದ ಐಬು ಒಂದೇ: ಅಂಗೈ ಸದಾ ಬೆವರುತ್ತಿತ್ತು. ಚಳಿಗಾಲದಲ್ಲಿಯೂ ಅವನು ಹಿಡಿದ ಕಾಗದ ಒದ್ದೆಯಾಗುತ್ತಿತ್ತು. ಬಂದ ಹೊಸದರಲ್ಲಿ ಒಮ್ಮೆ ಬರಿಗೈಯಲ್ಲಿ ನಳಿಗೆಯನ್ನೆತ್ತಿ ಒರೆಸುವುದನ್ನು ಮರೆತನು. ಕೆಲವು ದಿನಗಳಲ್ಲಿ ಅವನ ಬೆರಳುಗಳು ಕೆಂಪು ಕೆಂಪಾಗಿ ಅಲ್ಲಿ ಮೂಡಿಬಂದವು. ಆ ಕಸುಬಿನಲ್ಲಿ ಇಂಥವರನ್ನು ಉಪ್ಪುಗೈಯವರು ಎನ್ನುತ್ತಾರೆ. ಮೇಸ್ತ್ರಿಯವರು ಬೈಯಲಿಲ್ಲ. ಅಂಗಡಿಯ ನಿಯಮವನ್ನು ತೋರಿಸಿದರು. ಕೋವಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಕೊಡುವವನು ಎಣ್ಣೆಬಟ್ಟೆಯಿಂದ ಒರೆಸಿ ಕೊಡಬೇಕು, ತೆಗೆದುಕೊಂಡವನು ಕೆಳಗಿಡುವ ಮುನ್ನ ಒರೆಸಿ ಇಡಬೇಕು. ಇವನಿಗೆ ಮಾತ್ರ ಇನ್ನೊಂದು ಹೆಚ್ಚಿನ ಕಟ್ಟಳೆ: ಉಕ್ಕನ್ನು ಮುಟ್ಟುವಾಗ ಕೈಗವಸು. ಅಕ್ಕ ಹಳೆಯ ಹತ್ತಿಬಟ್ಟೆಯಲ್ಲಿ ಗವಸುಗಳನ್ನು ಹೊಲಿದುಕೊಟ್ಟಳು. ಒಗೆದು ಹಗ್ಗಕ್ಕೆ ಹಾಕಿದಾಗ ಅವು ಗಾಳಿಗೆ ತೂಗುವುದನ್ನು ನೋಡಿ, ತನ್ನ ಕೈಗಳು ತನಗಿಂತ ಮುಂಚೆ ಸ್ನಾನ ಮುಗಿಸಿ ಬಿಸಿಲು ಕಾಯಿಸುತ್ತಿವೆ ಎನ್ನುತ್ತಿದ್ದನು. ಭಾವನು ಅವನನ್ನು ಮುದ್ದಿಗೆ ಉಪ್ಪುಗೈ ಎಂದು ಕರೆದದ್ದು ಗಿರಾಕಿಗಳ ಬಾಯಿಗೂ ಬಿತ್ತು. ಅವನು ನಗುತ್ತಲೇ ಓಗೊಟ್ಟನು.

ಪೇಟೆಯಾಚೆ ವಾಸವಾಗಿದ್ದ ಪಶುವೈದ್ಯರೊಬ್ಬರು ತಮ್ಮ ತಂದೆಯ ಜೋಡಿನಳಿಗೆಯ ಕೋವಿಯನ್ನು ಕಾಪಿಡಲು ಕೊಟ್ಟಿದ್ದರು. ಅದರ ಉಕ್ಕಿನ ಮೇಲೆ ಬಳ್ಳಿಗಳನ್ನು ಕೆತ್ತಿದ್ದಿತು, ಕಣ್ಣಿಗೊತ್ತಿಕೊಳ್ಳುವ ಹಾಗಿತ್ತು. ಇಂಥದು ಉಳಿದವುಗಳೊಡನೆ ಸಾಲಿನಲ್ಲಿ ನಿಲ್ಲುವುದು ಮೇಸ್ತ್ರಿಯವರ ಮನಸ್ಸಿಗೆ ಒಗ್ಗಲಿಲ್ಲ. ಅದಕ್ಕೊಂದು ಪೆಟ್ಟಿಗೆ ಮಾಡಿಸಬೇಕೆಂಬ ಆಸೆ ಹುಟ್ಟಿತು. ಚರ್ಮದ ಚೀಲದಲ್ಲಿ ಕೋವಿಯನ್ನು ಮುಚ್ಚಿಡಬಾರದು, ಚರ್ಮ ತೇವವನ್ನು ಹೀರಿ ಉಕ್ಕಿಗೆ ಉಣಿಸುತ್ತದೆ ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವರು ಅವರೇ. ಆದರೆ ತಾವು ಮಾಡಿಸುವುದು ಚರ್ಮದ್ದಲ್ಲ. ಒಣಗಿದ ಮರ, ತೊಳೆದ ಉಣ್ಣೆಯ ಹಾಸು. ಅದರಲ್ಲಿ ದೋಷವೆಲ್ಲಿಂದ ಬಂದೀತು?

ಭಾವಮೈದುನನು ಪೆಟ್ಟಿಗೆಯನ್ನು ಕಟ್ಟಿ, ಕೋವಿಯ ಮೈಗೆ ಸರಿಯಾಗಿ ಒಳಗೊಂದು ತಗ್ಗನ್ನು ಕೊರೆದನು. ಹಾಸನ್ನು ಅಂಟಿಸುವ ಕೆಲಸವನ್ನು ಮೇಸ್ತ್ರಿಯವರು ಯಾರಿಗೂ ಬಿಡಲಿಲ್ಲ. ಹಿಂದೊಮ್ಮೆ ಬರೀ ಹಿಟ್ಟಿನ ಅಂಟನ್ನು ಜಿರಲೆ ತಿಂದು ಹಾಸು ಎದ್ದುಬಂದಿತ್ತು. ಈ ಸಲ ಅಂಟಿಗೆ ಪಟಿಕವನ್ನು ಪುಡಿಮಾಡಿ ಬೆರೆಸಿದರು. ಪಟಿಕವೆಂದರೆ ಕ್ಷೌರಿಕನು ಗಾಯಕ್ಕೆ ಉಜ್ಜುವ ಬಿಳಿಯ ಕಲ್ಲು. ಅದು ಬೆರೆತ ಅಂಟಿಗೆ ಹುಳ ಬಾಯಿಡದು. ಹಾಸನ್ನು ತಗ್ಗಿನಲ್ಲಿಟ್ಟು, ಅಂಟು ಹಸಿಯಿರುವಾಗಲೇ ಬೆರಳುಗಳಿಂದ ಒತ್ತಿ ಒತ್ತಿ ಕೂರಿಸಿದರು. ಒಣಗಿದ ಮೇಲೆ ಭಾವಮೈದುನನು ಗವಸು ತೊಟ್ಟು ಕೋವಿಯನ್ನು ಅದರಲ್ಲಿ ಮಲಗಿಸಿದನು. ಮುಚ್ಚಳ ಹಾಕುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರಂತೆ. ಅಷ್ಟು ಚೆನ್ನಾಗಿ ಬಂದಿತ್ತು ಕೆಲಸ.

ಮಳೆಗಾಲ ಬಂದು ಹೋಯಿತು. ಸಾಲಿನ ಕೋವಿಗಳನ್ನು ವಾರವಾರವೂ ಇಳಿಸಿ ಒರೆಸುತ್ತಿದ್ದ ಮೇಸ್ತ್ರಿಯವರು ಪೆಟ್ಟಿಗೆಯನ್ನು ತೆರೆಯಲಿಲ್ಲ. ಅದರ ಮೇಲೆ ಅವರಿಗಿದ್ದ ಭರವಸೆಯೇ ಅಷ್ಟು. ಪಶುವೈದ್ಯರು ತಮ್ಮ ಮಗಳಿಗೆ ಅಜ್ಜನ ಕೋವಿಯನ್ನು ತೋರಿಸಬೇಕೆಂದು ಒಂದು ಬೆಳಿಗ್ಗೆ ಬಂದರು. ಮೇಸ್ತ್ರಿಯವರು ಪೆಟ್ಟಿಗೆಯನ್ನು ಕಟ್ಟೆಯ ಮೇಲೆ ತಂದಿಟ್ಟು, ಮದುಮಗಳ ಮುಸುಕು ತೆಗೆಯುವ ಸಂಭ್ರಮದಲ್ಲಿ ಮುಚ್ಚಳ ತೆರೆದು, ಕೋವಿಯನ್ನೆತ್ತಿ ತಿರುಗಿಸಿದರು. ನಳಿಗೆಯ ಕೆಳಮೈಯಲ್ಲಿ ಕೆಂಪು ಕಲೆಗಳು. ಸಾಲಾಗಿ ನಾಲ್ಕು, ಎದುರುಬದಿಯಲ್ಲಿ ಒಂದು. ನಾಲ್ಕರಲ್ಲಿ ಮೂರನೆಯದು ತುಸು ಓರೆ.

ಪಶುವೈದ್ಯರು ಪೆಟ್ಟಿಗೆಯನ್ನೊಮ್ಮೆ ನೋಡಿ, ಇದರೊಳಗೆ ತೇವ ಹೊಕ್ಕಿರಬಹುದೇ ಎಂದು ಮೆಲ್ಲಗೆ ಕೇಳಿದರಷ್ಟೆ. ಆ ಪ್ರಶ್ನೆ ಮೇಸ್ತ್ರಿಯವರಿಗೆ ನಾಟಿತು.

"ಪೆಟ್ಟಿಗೆ ತಪ್ಪಲ್ಲ ಇದು, ಡಾಕ್ಟ್ರೇ. ಇದು ಕೈ. ಇವನ ಕೈ."

ಭಾವಮೈದುನನು ಒಳಕೋಣೆಯ ಬಾಗಿಲಲ್ಲಿ ನಿಂತಿದ್ದನು. "ಗವಸು ಹಾಕ್ಕೊಂಡೇ ಇಟ್ಟಿದ್ದೆ, ಭಾವ," ಎಂದನು.

"ಗವಸಿಗೆ ಬೆರಳು ಮೂಡುತ್ತಾ? ನೋಡು, ನಾಲ್ಕು ಬೆರಳು, ಈ ಕಡೆ ಹೆಬ್ಬೆಟ್ಟು. ನಾನು ಹೇಳ್ತಿಲ್ಲ, ಉಕ್ಕು ಹೇಳ್ತಿದೆ." ಇಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಗಿರಾಕಿಯ ಮುಂದೆ ಹೋದ ಮಾನಕ್ಕೆ ಬೆಲೆ ಕಟ್ಟಿಸಿಕೊಳ್ಳುವವರಂತೆ ಅವರು ಇನ್ನೊಂದು ಮಾತನ್ನು ಸೇರಿಸಿದರು: "ನಿನ್ನ ಕೈ ಮುಟ್ಟಿದ್ದು ಯಾವುದೂ ಉಳಿಯಲ್ಲ ಕಣೋ."

ಅವನು ತನ್ನ ಎರಡು ಕೈಗಳನ್ನೂ ಎತ್ತಿ, ಮಗುಚಿ, ಬೇರೆ ಯಾರದೋ ಕೈಗಳೆಂಬಂತೆ ನೋಡಿಕೊಂಡನು. ಹಗ್ಗದ ಮೇಲಿದ್ದ ಗವಸುಗಳನ್ನು ಎಳೆದುಕೊಂಡು ಚೀಲಕ್ಕೆ ಹಾಕಿಕೊಂಡನು. ತನ್ನ ಉಳಿಗಳನ್ನೂ ಗರಗಸವನ್ನೂ ಮುಟ್ಟದೆ, ಇದ್ದಲ್ಲಿಯೇ ಬಿಟ್ಟನು. ಬೇರೆ ಊರಿನಲ್ಲಿ ಕೆಲಸ ಸಿಕ್ಕಿದೆಯೆಂದು ಅಕ್ಕನಿಗೆ ಹೇಳಿ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದನು.

ಊಟಕ್ಕೆ ಬಂದ ಗಂಡನಿಗೆ ಆಕೆ ಬಡಿಸಿ, ತಟ್ಟೆ ಬರಿದಾಗುವವರೆಗೆ ಕಾದಿದ್ದು, ಕೇಳಿದಳು. ನಡೆದುದನ್ನು ಅವರು ಮುಚ್ಚಿಡಲಿಲ್ಲ. ಆಕೆ ದನಿಯೇರಿಸದೆ ಹೇಳಿದಳು: "ಮುಟ್ಟಿದ್ಯಾ ಅಂತ ಕೇಳ್ಬೇಕಿತ್ತು. ಮುಟ್ಟಿದೆ ಅಂತ ಹೇಳ್ಬಾರದಿತ್ತು." ಉಕ್ಕು ಸುಳ್ಳು ಹೇಳುವುದಿಲ್ಲವೆಂದು ಮೇಸ್ತ್ರಿಯವರು ಗೊಣಗಿದರು. ಉಕ್ಕು ಏನನ್ನೂ ಹೇಳುವುದಿಲ್ಲ, ಹೇಳಿದ್ದು ನೀವು ಎಂದು ಆಕೆ ತಟ್ಟೆ ಎತ್ತಿಕೊಂಡು ಹೋದಳು.

ಕೋವಿಯನ್ನು ಮೇಸ್ತ್ರಿಯವರು ಕುದಿಸಿ, ಉಜ್ಜಿ, ಕೆಂಪನ್ನು ಕಪ್ಪಿಗೆ ತಿರುಗಿಸಿ, ಪಶುವೈದ್ಯರಿಗೆ ಒಪ್ಪಿಸಿದರು. ಅವರು ಅದನ್ನು ಕಂಬಳಿಯಲ್ಲಿ ಸುತ್ತಿ ಮನೆಗೆ ಒಯ್ದರು. ಪೆಟ್ಟಿಗೆ ಅಂಗಡಿಯಲ್ಲಿಯೇ ಉಳಿಯಿತು. ಅದರಲ್ಲಿ ಹಾಸಿನ ತುಂಡುಗಳನ್ನೂ ದಾರದ ಉಂಡೆಗಳನ್ನೂ ಹಾಕಿ ಅಟ್ಟಕ್ಕೇರಿಸಿದರು.

ಭಾವಮೈದುನನು ಮತ್ತೆ ಆ ಮನೆಯ ಕಡೆಗೆ ಮುಖ ಹಾಕಲಿಲ್ಲ. ಬಸ್ಸಿನಲ್ಲಿ ಅರ್ಧ ದಿನದ ದಾರಿಯಾದ ಪೇಟೆಯೊಂದರಲ್ಲಿ, ಮರದ ಸಾಮಾನುಗಳಿಗೆ ಮೆರುಗು ಕೊಡುವ ಕಡೆ ಕೆಲಸಕ್ಕೆ ನಿಂತಿದ್ದನು. ಅಕ್ಕನೇ ಆಗಾಗ ಹೋಗಿಬರುತ್ತಿದ್ದಳು. ಹೋದಾಗಲೆಲ್ಲ ಬಾ ಎಂದು ಕರೆಯುವಳು. ಅವನು ನೋಡೋಣ ಅಕ್ಕ ಎನ್ನುವನು. ಬರುವಾಗ ಅವನು ಮೆರುಗು ಹಾಕಿ ಕೊಟ್ಟ ಮರದ ಸೌಟೋ, ಕಾಲುಮಣೆಯೋ, ಗುಂಡಿಯ ಡಬ್ಬಿಯೋ ಆಕೆಯ ಚೀಲದಲ್ಲಿರುತ್ತಿತ್ತು. ಅವನಿಗೆ ಇಷ್ಟು ಕೋಪ ಒಳ್ಳೆಯದಲ್ಲವೆಂದು ಮೇಸ್ತ್ರಿಯವರು ಹೇಳುವರು. ನೆಂಟರೂ ಹಾಗೆಯೇ ಹೇಳುವರು: ಮೆತ್ತಗಿದ್ದವನಿಗೆ ಎಷ್ಟು ಹಟ ನೋಡಿ. ಆಕೆ ಯಾರಿಗೂ ಉತ್ತರ ಕೊಡುತ್ತಿರಲಿಲ್ಲ. ಹೇಳಿದವರು ಆಕೆಗೆ ಕೇಳಿಸಲಿಲ್ಲವೇನೋ ಎಂದುಕೊಳ್ಳುತ್ತಿದ್ದರು.

ವರ್ಷಗಳು ಉರುಳಿದವು. ಆಕೆಯ ಮಂಡಿಗಳು ಊದಿದವು. ಕೊನೆಯ ಸಲ ಹೋಗಿಬಂದಾಗ ಬಸ್ಸಿನಿಂದ ಇಳಿಸಲು ಕಂಡಕ್ಟರನೂ ಇನ್ನೊಬ್ಬ ಪ್ರಯಾಣಿಕನೂ ಕೈಕೊಡಬೇಕಾಯಿತು. ಇನ್ನು ಬಸ್ಸು ಹತ್ತಕೂಡದೆಂದು ವೈದ್ಯೆ ಕಟ್ಟಪ್ಪಣೆ ಮಾಡಿದಳು. ಅಲ್ಲಿಗೆ ವಿಷಯ ಸ್ಪಷ್ಟವಾಯಿತು: ತಮ್ಮನು ಬಂದರೆ ಅಕ್ಕ ಅವನ ಮುಖ ನೋಡುವಳು, ಬಾರದಿದ್ದರೆ ಇಲ್ಲ. ಹಿತ್ತಿಲಿಗಾಗಲಿ ಬೀದಿಗಾಗಲಿ ಆಕೆ ಕೋಲೂರಿಕೊಂಡು ಹೋಗುವಾಗ ಆ ಟಕ್ ಟಕ್ ಸದ್ದು ಗೋಡೆಯಾಚೆ ಕೆಲಸದ ಕೋಣೆಗೆ ಕೇಳಿಸುತ್ತಿತ್ತು. ತಮ್ಮನ ಹೆಸರೆತ್ತುವುದನ್ನು ಆಕೆ ಬಿಟ್ಟಿದ್ದಳು. ಆ ಮೌನವನ್ನು ಮೇಸ್ತ್ರಿಯವರು ಮರೆವು ಎಂದುಕೊಂಡರೋ, ಹಾಗೆ ಅಂದುಕೊಳ್ಳುವುದು ಅವರಿಗೆ ಅನುಕೂಲವಾಗಿತ್ತೋ, ಹೇಳಲಾರೆವು.

ಆಗ ಒಬ್ಬ ವಿಧವೆ ತನ್ನ ಗಂಡನ ಕೋವಿಯನ್ನು ತಂದುಕೊಟ್ಟಳು; ಅದೂ ಜೋಡಿನಳಿಗೆಯದೇ, ಪಶುವೈದ್ಯರದರ ಅಳತೆಯದೇ. ಸಾಲುಗಳು ತುಂಬಿದ್ದವು. ಮೇಸ್ತ್ರಿಯವರಿಗೆ ಅಟ್ಟದ ಮೇಲಿನ ಪೆಟ್ಟಿಗೆ ನೆನಪಾಯಿತು. ಇಳಿಸಿ, ದಾರದುಂಡೆಗಳನ್ನು ತೆಗೆದು, ಧೂಳು ಕೊಡವಿ, ಕೋವಿಯನ್ನು ಒರೆಸಿ ಎಣ್ಣೆ ಸವರಿ, ತಾವೇ ಗವಸು ಹಾಕಿಕೊಂಡು ತಗ್ಗಿನಲ್ಲಿ ಮಲಗಿಸಿದರು. ಅಂಗಡಿಯಲ್ಲಿ ಅವರ ಹೊರತು ಬೇರೆ ನರಪಿಳ್ಳೆಯಿರಲಿಲ್ಲ. ಕೋವಿಮನೆಯ ಬೀಗದಕೈ ಅವರ ಸೊಂಟದಲ್ಲಿಯೇ ಇರುತ್ತಿತ್ತು.

ಮಳೆ ನಿಂತ ಮೇಲೆ ತೆಗೆದು ನೋಡಿದರು. ಸಾಲಾಗಿ ನಾಲ್ಕು ಕಲೆ, ಎದುರಿಗೊಂದು.

ಮೊದಲು ಅವರಿಗೆ ಬಂದ ಯೋಚನೆಯೆಂದರೆ, ಯಾರು ಒಳಹೊಕ್ಕರು ಎಂಬುದು. ಅಷ್ಟು ಕಾಲದ ಓದು ಒಂದೇ ಏಟಿಗೆ ನಾಲಿಗೆಯಿಂದ ಇಳಿಯುವುದಿಲ್ಲ. ಆಮೇಲೆ ಮೂರನೆಯ ಕಲೆಯ ಓರೆಯನ್ನು ಕಂಡರು. ಕೋವಿಯನ್ನು ಬದಿಗಿಟ್ಟು, ಪೆಟ್ಟಿಗೆಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು, ಹಾಸಿನ ಮೇಲೆ ಬಗ್ಗಿದರು. ಉಣ್ಣೆ ಕೆಲವೆಡೆ ಗಡುಸಾಗಿತ್ತು. ಅಲ್ಲಿ ಒಳಗಿನ ಅಂಟು ಮೇಲಕ್ಕೆ ಒಸರಿ ಹೆಪ್ಪುಗಟ್ಟಿತ್ತು. ಮಳೆಗಾಲದ ತೇವಕ್ಕೆ ಇನ್ನೂ ತಣ್ಣಗಿತ್ತು. ಕಿರುಬೆರಳಿಗೆ ತಾಗಿಸಿ ನಾಲಿಗೆಗಿಟ್ಟರು. ಬಾಯೆಲ್ಲ ಒಗರಾಯಿತು. ಪಟಿಕ. ಹುಳ ಬಾಯಿಡದ ಆ ಉಪ್ಪು ಗಾಳಿಯ ತೇವವನ್ನು ಕರೆದುಕೊಂಡು, ಹುಳಿಯಾಗಿ, ತನಗೆ ತಾಗಿದ ಉಕ್ಕನ್ನು ತಿಂದಿತ್ತು. ಹಾಸು ತಗ್ಗಿನಲ್ಲಿ ಕೂರಲೆಂದು ಎಲ್ಲೆಲ್ಲಿ ಬೆರಳು ಒತ್ತಿದ್ದರೋ ಅಲ್ಲಲ್ಲಿ ಮಾತ್ರ ಅಂಟು ಉಣ್ಣೆಯನ್ನು ದಾಟಿ ಮೇಲೆ ಬಂದಿತ್ತು.

ಅವರು ತಮ್ಮ ಬಲಗೈಯನ್ನು ಆ ಗಡುಸು ತಾಣಗಳ ಮೇಲಿಟ್ಟರು. ಒರಳಿನಲ್ಲಿ ಗುಂಡು ಕೂತಂತೆ ಕೂತಿತು. ಪ್ರಾಯದಲ್ಲಿ ಇಕ್ಕಳಕ್ಕೆ ಸಿಕ್ಕಿ ವಕ್ರವಾದ ಉಂಗುರಬೆರಳು ಆ ಓರೆಯ ಗುರುತಿನ ಮೇಲೆ ತಪ್ಪದೆ ಬಂದು ನಿಂತಿತು. ಭಾವಮೈದುನನ ಬೆರಳುಗಳು ಗೆರೆ ಎಳೆದಂತೆ ನೇರವಾಗಿದ್ದವು. ಅಂದು ಒಮ್ಮೆ ಅವನ ಕೈಯನ್ನು ಕರೆದು ನಳಿಗೆಯ ಪಕ್ಕದಲ್ಲಿ ಹಿಡಿಸಿದ್ದರೆ ಸಾಕಾಗಿತ್ತು.

ಎದ್ದು ಮನೆಯೊಳಕ್ಕೆ ಹೋದರು. ಹೆಂಡತಿ ಮಂಚದ ಮೇಲೆ ಕಾಲು ಚಾಚಿ ಬಟ್ಟೆ ಮಡಿಸುತ್ತಿದ್ದಳು. ಅಂಟು, ಪಟಿಕ, ಬೆರಳು ಎಲ್ಲವನ್ನೂ ಹೇಳಿದರು. ಹೇಳುವಾಗ, ಆಕೆ ಬೈದರೆ ಒಳ್ಳೆಯದೆಂದು ಅವರಿಗೆ ಅನ್ನಿಸುತ್ತಿತ್ತು. ಆಕೆ ಕೈಯಲ್ಲಿದ್ದ ಅಂಗಿಯನ್ನು ಮಡಿಸಿ ಮುಗಿಸಿದಳು.

"ಬೆಳಿಗ್ಗೆ ಬಸ್ಸಿದೆ," ಎಂದಳು.

ಮೆರುಗಿನ ಕಾರ್ಖಾನೆ ಒಂದು ಉದ್ದನೆಯ ಕೊಟ್ಟಿಗೆ. ಅರಗಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಬಾಗಿಲ ಬಳಿ ಒಬ್ಬನು ಬೀರುಗಳಿಗೆ ತಿರುಗಣಿ, ಬೀಗಗಳನ್ನು ಕೂರಿಸುತ್ತಿದ್ದನು. ಒಳಗೆ ಭಾವಮೈದುನನು ಮೇಜಿನ ಹಲಗೆಯೊಂದನ್ನು ಬಟ್ಟೆಯ ಉಂಡೆಯಿಂದ ತಿಕ್ಕುತ್ತಿದ್ದನು. ತಲೆ ಪೂರ್ತಿ ನರೆತಿತ್ತು. ಎರಡು ಕೈಗಳಿಗೂ ಗವಸು. ಭಾವನನ್ನು ಕಂಡು ಅವನು ಗಾಬರಿಯಾದನು. ಅಕ್ಕನಿಗೆ ಏನಾಯಿತೋ ಎಂದು. ಏನೂ ಆಗಿಲ್ಲವೆಂದು ತಿಳಿದ ಮೇಲೆ ಬಳಿಯಿದ್ದ ಬೆಂಚಿನ ಒಂದು ತುದಿಯನ್ನು ಒರೆಸಿ, ಕೂರಲು ಹೇಳಿದನು.

ಮೇಸ್ತ್ರಿಯವರು ಕಾಗದದಲ್ಲಿ ಸುತ್ತಿ ತಂದಿದ್ದ ಹಾಸಿನ ತುಂಡನ್ನು ಬಿಚ್ಚಿ ಮುಂದಿಟ್ಟು, ತಮ್ಮ ಬೆರಳುಗಳನ್ನು ಅದರ ಮೇಲಿಟ್ಟು ತೋರಿಸಿದರು. "ತಪ್ಪು ನಂದು. ನಿಂದಲ್ಲ. ಯಾವತ್ತೂ ನಿಂದಾಗಿರಲಿಲ್ಲ," ಎಂದರು.

ಅವನು ಹಾಸನ್ನು ಎತ್ತಿಕೊಳ್ಳಲಿಲ್ಲ. ಬಗ್ಗಿ ನೋಡಿದನು. ಕೆಲಸದಲ್ಲಿ ಪಳಗಿದವನಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಇಷ್ಟು ವರ್ಷ ಕೋಪ ಇಟ್ಟುಕೊಂಡೆಯಲ್ಲ, ಅದು ನ್ಯಾಯವಾದದ್ದೇ, ಇನ್ನಾದರೂ ಬಿಟ್ಟುಬಿಡು ಎಂದು ಮೇಸ್ತ್ರಿಯವರು ಬೇಡಿಕೊಂಡರು. ಆಗ ಅವನು ತಲೆಯೆತ್ತಿದನು.

"ಕೋಪನಾ? ಕೋಪ ಯಾಕೆ ಭಾವ? ನಾನು ನಿಜ ಅಂತಾನೇ ತಿಳ್ಕೊಂಡಿದ್ದೆ. ತುಕ್ಕಿನ ವಿಷಯದಲ್ಲಿ ನೀವು ಹೇಳಿದ್ದು ಯಾವತ್ತು ಸುಳ್ಳಾಗಿತ್ತು?"

ಆಮೇಲೆ ಒಂದೊಂದಾಗಿ, ಯಾರದೋ ಕಥೆಯಂತೆ, ಹೇಳಿದನು. ಗವಸು ಹಾಕಿಕೊಂಡದ್ದು ಅವನಿಗೆ ನೆನಪಿತ್ತು; ಆದರೆ ಭಾವ ಹೇಳಿದ ಮೇಲೆ, ಗವಸಿನೊಳಗಿಂದಲೂ ಬೆವರು ಹೊಮ್ಮಿತೆಂದೇ ಗಟ್ಟಿಯಾಯಿತು. ಅಂದಿನಿಂದ ಉಳಿ ಹಿಡಿಯಲಿಲ್ಲ. ಇಲ್ಲಿಗೆ ಬಂದಾಗ ಲೋಹ ಮುಟ್ಟದ ಕೆಲಸ ಬೇಕೆಂದು ಕೇಳಿ ಮೆರುಗಿಗೆ ನಿಂತನು. ತಿರುಗಣಿ, ಬೀಗ ಎಲ್ಲ ಬಾಗಿಲ ಬಳಿಯ ಗೆಳೆಯನ ಪಾಲು. ನಡುವೆ ಒಂದು ಸಂಬಂಧ ಕೂಡಿಬಂದಿತ್ತು. ಒಳ್ಳೆಯ ಹೆಂಗಸು, ನಗುಮುಖ. ಇವನೇ ಬೇಡವೆಂದನು. ಯಾಕೆಂದು ಆಕೆ ಕೇಳಿದಾಗ ಕೈ ಸರಿಯಿಲ್ಲ ಎಂದನಂತೆ, ಆಕೆಗೆ ಅರ್ಥವಾಗಲಿಲ್ಲ. ಇನ್ನು ಅಕ್ಕನ ಮನೆ. ಅಲ್ಲಿ ಎಲ್ಲಿ ಕೈಯಿಟ್ಟರೂ ಉಕ್ಕು, ಗೋಡೆಯಾಚೆಯೆಲ್ಲ ಪರರ ಸೊತ್ತು. ಭಾವನಿಗೆ ಮತ್ತೊಮ್ಮೆ ಕೆಟ್ಟ ಹೆಸರು ತರುವುದು ಬೇಡವೆಂದು ದೂರ ಉಳಿದನು. ಅಷ್ಟೆ. ಹಟವಿರಲಿಲ್ಲ.

ಬೈಗುಳವಾಗಿದ್ದರೆ ಬೈದವನು ಹಿಂತೆಗೆದುಕೊಳ್ಳಬಹುದು. ಬಲ್ಲವನು ಆಡಿದ ಸುಳ್ಳು ಕೇಳಿದವನ ಪಾಲಿಗೆ ಶಾಸ್ತ್ರವಾಗಿ ಕೂತುಬಿಟ್ಟಿತ್ತು. ಇಡೀ ಬಾಳನ್ನು ಅವನು ಅದಕ್ಕೆ ಹೊಂದಿಸಿಕೊಂಡಿದ್ದನು. ನಿಂದಿಸುವವನ ಮುಂದೆ ತಲೆ ತಗ್ಗಿಸಲು ಮೇಸ್ತ್ರಿಯವರು ಸಿದ್ಧರಾಗಿ ಬಂದಿದ್ದರು. ನಂಬಿದವನ ಮುಂದೆ ಏನು ಮಾಡಬೇಕೆಂದು ತಿಳಿಯಲಿಲ್ಲ.

"ನಿಮ್ಮಕ್ಕನಿಗೆ ಬಸ್ ಹತ್ತೋಕಾಗಲ್ಲ," ಎಂದರು, ಕೊನೆಗೆ.

"ಬರ್ತೀನಿ ಭಾವ. ಈ ಹಲಗೆ ಮುಗಿಸಿ ಬರ್ತೀನಿ." ಅವನು ನಕ್ಕನು; ಅಂಗಡಿಯಲ್ಲಿ ನಗುತ್ತಿದ್ದ ನಗೆಯೇ. "ಅಕ್ಕನಿಗೆ ಹೇಳಿ, ಇನ್ನೂ ಒಂದು ಜೊತೆ ಗವಸು ಹೊಲಿಯೋ ಶಕ್ತಿ ಇದೆಯಾ ಅಂತ. ಇವು ತೂತಾಗಿವೆ."

ಹಿಂತಿರುಗಿದವರೇ ಮನೆಗೆ ಹೋಗದೆ ಮೇಸ್ತ್ರಿಯವರು ಪೇಟೆಯಾಚೆಗೆ ನಡೆದರು. ಯಾರ ಮುಂದೆ ಆಡಿದ್ದರೋ ಅವರ ಮುಂದೆಯೇ ಮಾತನ್ನು ಹಿಂತೆಗೆದುಕೊಳ್ಳಬೇಕೆಂದು ಅವರಿಗೆ ತೋರಿತು. ಪಶುವೈದ್ಯರು ಈಗ ಹಣ್ಣುಹಣ್ಣು ಮುದುಕರು. ಜಗಲಿಯ ಕುರ್ಚಿಯಲ್ಲಿ ಶಾಲು ಹೊದೆದು ಕೂತಿದ್ದರು. ಮೇಸ್ತ್ರಿಯವರು ನಿಂತೇ ಎಲ್ಲವನ್ನೂ ಒಪ್ಪಿಸಿದರು. ಮುದುಕರು ಆದರದಿಂದ ಕೇಳಿ, ಕೋವಿ ಚೆನ್ನಾಗಿದೆ, ಮಗಳು ಜೋಪಾನ ಮಾಡಿದ್ದಾಳೆ ಎಂದರು. ಅಂದು ಅಂಗಡಿಯಲ್ಲಿ ಇನ್ನೊಬ್ಬನಿದ್ದುದು ಅವರಿಗೆ ನೆನಪಿರಲಿಲ್ಲ. ಕಲೆಗಳೂ ನೆನಪಿರಲಿಲ್ಲ. ಯಾರೋ ಏನೋ ಅಂದಿದ್ದರೇ ಎಂದು ಕೇಳಿ, ಅಂದಿದ್ದರೂ ಈಗೇನಂತೆ ಎಂದು ಸಮಾಧಾನ ಹೇಳಿ ಕಳುಹಿಸಿದರು. ಯಾವ ಕಿವಿಗೆ ಅಂಜಿ ಒಬ್ಬನನ್ನು ಬಲಿಗೊಟ್ಟಿದ್ದರೋ ಆ ಕಿವಿ ಅದನ್ನು ಆ ವಾರವೇ ಮರೆತಿತ್ತು.

ಭಾವಮೈದುನನು ಮಾತಿಗೆ ತಪ್ಪಲಿಲ್ಲ. ಒಂದು ಸಂಜೆ, ಬಿಸಿಲು ಇಳಿಯುವ ಹೊತ್ತಿಗೆ, ಮೇಸ್ತ್ರಿಯವರು ಕೆಲಸದ ಕೋಣೆಯ ಕಿಟಕಿಯಿಂದ ಅವನನ್ನು ಕಂಡರು. ಮನೆಯ ಬೇಲಿಯ ಕಬ್ಬಿಣದ ಗೇಟಿನ ಹೊರಗೆ, ಹೆಗಲಿಗೊಂದು ಚೀಲ, ಎರಡು ಕೈಗಳನ್ನೂ ಕೋಟಿನ ಜೇಬಿನಲ್ಲಿಟ್ಟುಕೊಂಡು ನಿಂತಿದ್ದನು. ಗೇಟಿಗೆ ಚಿಲಕ ಹಾಕಿರಲಿಲ್ಲ; ಸ್ವಲ್ಪ ತೆರೆದೇ ಇತ್ತು. ಅವನು ತಳ್ಳಲಿಲ್ಲ. ಅಕ್ಕಾ ಎಂದು ಒಮ್ಮೆ ಕರೆದು, ಕಾದನು.

ಮೇಸ್ತ್ರಿಯವರು ಎದ್ದರು. ಬಾಗಿಲವರೆಗೆ ಹೋಗಿ ನಿಂತರು. ಗೋಡೆಯಾಚೆ ಕೋಲಿನ ಸದ್ದು ಆಗಲೇ ಹೊರಟಿತ್ತು. ನಡುಮನೆ ದಾಟಿ, ಮೆಟ್ಟಿಲ ಬಳಿ ತಡೆದು, ಒಂದೊಂದೇ ಇಳಿದು, ಅಂಗಳದ ಕಲ್ಲುಗಳ ಮೇಲೆ ನಿಧಾನವಾಗಿ ಮುಂದುವರಿಯಿತು. ತಾವು ಓಡಿಹೋಗಿ ತೆರೆದರೆ ಆಕೆಗೆ ಅಷ್ಟು ನೋವು ತಪ್ಪುತ್ತಿತ್ತು. ಆದರೆ ಆ ಗೇಟನ್ನು ತೆರೆಯುವ ಹಕ್ಕು ತಮಗೆ ಉಳಿದಿದೆಯೆಂದು ಅವರಿಗೆ ತೋರಲಿಲ್ಲ.

ಆಕೆ ಗೇಟನ್ನು ಹಿಡಿದು ಒಳಗೆಳೆದಳು. ಅವನು ಕಬ್ಬಿಣಕ್ಕೆ ಮೈ ತಾಗದಂತೆ ಓರೆಯಾಗಿ ನುಸುಳಿ ಬಂದನು.

"ಚಿಲಕ ಹಾಕಿರ್ಲಿಲ್ವಲ್ಲೋ. ತಳ್ಳಿದ್ರೆ ಆಗ್ತಿತ್ತು," ಎಂದಳು ಆಕೆ, ಏದುಸಿರಿನ ನಡುವೆ.

"ಗೊತ್ತು, ಅಕ್ಕ."